ಹತ್ತು ಸೆಕೆಂಡಿನಲ್ಲಿ ಅಜ್ಜಿ ಎಲ್ಲಿಗೆ ಹೋಗಬೇಕು? – ಭೂಕಂಪದ ಮುನ್ನೆಚ್ಚರಿಕೆ ಬಗ್ಗೆ ಒಂದು ಪಾಠ

ಬಸವನಗುಡಿಯ ಬ್ಯೂಗಲ್ ರಾಕ್ ನಿಮಗೆಲ್ಲ ಗೊತ್ತಿರುತ್ತೆ. ಕನ್ನಡದಲ್ಲಿ ಕಹಳೆ ಬಂಡೆ. ಹಿಂದೆ ಅಲ್ಲಿ ಕಾವಲುಗಾರರು ನಿಂತು, ದೂರದಲ್ಲಿ ಏನಾದರೂ ಅಪಾಯ ಕಂಡರೆ ಕಹಳೆ ಊದಿ ಊರಿಗೆ ತಿಳಿಸ್ತಾ ಇದ್ದರು ಅಂತ ಹಿರಿಯರು ಹೇಳ್ತಾರೆ. ನಾವು ಮೂವರು ಸ್ನೇಹಿತರು ತ್ಯಾಗರಾಜನಗರದಿಂದ ಆಗಾಗ ಅಲ್ಲಿಗೆ ನಡ್ಕೊಂಡು ಹೋಗಿ ಕೂತ್ಕೋತೀವಿ. ಓದೋಕೆ ಅಂತ ಹೋಗ್ತೀವಿ, ಓದೋದು ಕಡಿಮೆ.

ಒಂದು ಸಂಜೆ ಅಲ್ಲೇ ಈ ಮಾತು ಬಂತು. ಕಾವಲುಗಾರನ ಕೆಲಸ ನಡೀತಾ ಇದ್ದಿದ್ದು ಒಂದೇ ಕಾರಣಕ್ಕೆ: ಕಹಳೆಯ ಸದ್ದು ಶತ್ರುವಿನ ಕುದುರೆಗಿಂತ ವೇಗವಾಗಿ ಓಡುತ್ತೆ. ಅಪಾಯ ಮತ್ತು ಸುದ್ದಿ ಎರಡೂ ಒಂದೇ ಜಾಗದಿಂದ ಹೊರಟರೆ, ಸುದ್ದಿ ಮೊದಲು ತಲುಪಬೇಕು. ಈಗಿನ ಭೂಕಂಪ ಮುನ್ನೆಚ್ಚರಿಕೆ ವ್ಯವಸ್ಥೆಗಳು ನಿಂತಿರೋದೂ ಇದೇ ತತ್ವದ ಮೇಲೆ. ಕುದುರೆಯ ಬದಲು ಭೂಕಂಪದ ಅಲೆ, ಕಹಳೆಯ ಬದಲು ಇಂಟರ್ನೆಟ್, ಅಷ್ಟೆ.

ಈ ಲೇಖನದಲ್ಲಿ ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ನಮಗೆ ಅರ್ಥವಾದ ಹಾಗೆ ಹೇಳ್ತೀವಿ. ಜೊತೆಗೆ ಮನೆಯಲ್ಲಿ ಮಾಡಿದ ಎರಡು ಚಿಕ್ಕ ಪ್ರಯೋಗಗಳ ಕಥೆಯೂ ಇದೆ. ಒಂದು ಫೋನಿನ ಮೇಲೆ, ಇನ್ನೊಂದು ಅಜ್ಜಿಯ ಮೇಲೆ. ಗಾಬರಿ ಬೇಡ, ಅಜ್ಜಿಯ ಒಪ್ಪಿಗೆ ತಗೊಂಡೇ ಮಾಡಿದ್ದು.

ಮುನ್ಸೂಚನೆ ಬೇರೆ, ಮುನ್ನೆಚ್ಚರಿಕೆ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. “ನಾಳೆ ಮಧ್ಯಾಹ್ನ ಭೂಕಂಪ ಆಗುತ್ತೆ” ಅಂತ ವಾಟ್ಸಾಪ್‌ನಲ್ಲಿ ಬಂದರೆ ಅದು ಸುಳ್ಳು. ದಿನ, ಜಾಗ, ಪ್ರಮಾಣ ಮೂರನ್ನೂ ಮೊದಲೇ ಹೇಳೋ ವಿಧಾನ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಅದನ್ನ ಮುನ್ಸೂಚನೆ ಅನ್ನಬಹುದು.

ಮುನ್ನೆಚ್ಚರಿಕೆ ಅಂದರೆ ಭೂಕಂಪ ಶುರುವಾದ ಮೇಲೆ ಕೊಡೋ ಎಚ್ಚರಿಕೆ. ಭೂಮಿಯೊಳಗೆ ಬಂಡೆ ಆಗಲೇ ಸೀಳಿರುತ್ತೆ. ಆದರೆ ಅದರ ಅಲೆ ನಿಮ್ಮ ಮನೆಗೆ ಇನ್ನೂ ಬಂದಿರೋದಿಲ್ಲ. ಆ ನಡುವಿನ ಸಮಯ ಕೆಲವು ಸೆಕೆಂಡು, ತುಂಬಾ ದೂರದ ಭೂಕಂಪವಾದರೆ ಕೆಲವು ನಿಮಿಷ.

ಬೆಂಗಳೂರಿಗೇ ಇದರ ಅನುಭವ ಇದೆ. 2012 ರ ಏಪ್ರಿಲ್ 11 ರ ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಸಮುದ್ರದಡಿ 8.6 ಪ್ರಮಾಣದ ಭೂಕಂಪ ಆಯಿತು. ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಬೆಂಗಳೂರಿನಲ್ಲಿ ಕುರ್ಚಿ, ಫ್ಯಾನು ಅಲ್ಲಾಡಿ, ಆಫೀಸುಗಳಿಂದ ಜನ ರಸ್ತೆಗೆ ಓಡಿ ಬಂದರು. ನಾವು ಆಗ ಒಂದನೇ ಕ್ಲಾಸಿನ ಆಸುಪಾಸು, ನೆನಪಿಲ್ಲ. ಅಜ್ಜಿಗೆ ಚೆನ್ನಾಗಿ ನೆನಪಿದೆ. “ದೇವರ ಮನೇಲಿ ತೂಗುದೀಪ ತಾನಾಗೇ ಆಡ್ತಾ ಇತ್ತು ಕಣ್ರೋ. ಗಾಳಿ ಅಂದ್ಕೊಂಡೆ. ಕಿಟಕಿ ನೋಡಿದ್ರೆ ಮುಚ್ಚಿತ್ತು.”

ಲೆಕ್ಕ ಹಾಕಿ ನೋಡಿ. ಅಷ್ಟು ದೂರದಿಂದ ಬಲವಾದ ಅಲೆಗಳು ಬರೋಕೆ ಎಂಟು-ಹತ್ತು ನಿಮಿಷ ಬೇಕು. ಅಂದರೆ ಅಜ್ಜಿಯ ದೀಪ ಆಡೋಕೆ ಎಷ್ಟೋ ನಿಮಿಷ ಮೊದಲೇ ಸುಮಾತ್ರಾದಲ್ಲಿ ನೆಲ ಸೀಳಿ ಆಗಿತ್ತು. ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿರೋ ಸುನಾಮಿ ಎಚ್ಚರಿಕೆ ಕೇಂದ್ರ ಅವತ್ತು ಎಚ್ಚರಿಕೆಯನ್ನೂ ಹೊರಡಿಸಿತ್ತು. ಬಂಡೆಗಳು ಮೇಲೆ-ಕೆಳಗೆ ಆಗದೆ ಅಡ್ಡಡ್ಡ ಜಾರಿದ್ದರಿಂದ ಸುನಾಮಿ ದೊಡ್ಡದಾಗಲಿಲ್ಲ.

ಎರಡು ಅಲೆಗಳ ಓಟ

ಬಂಡೆ ಸೀಳಿದಾಗ ಮುಖ್ಯವಾಗಿ ಎರಡು ಬಗೆಯ ಅಲೆಗಳು ನೆಲದೊಳಗೆ ಹೊರಡುತ್ತವೆ.

ಮೊದಲನೆಯದು ಪಿ ಅಲೆ. ರೈಲಿಗೆ ಎಂಜಿನ್ ಜೋಡಿಸುವಾಗ ಬೋಗಿಗಳಲ್ಲಿ ‘ಧಡ್ ಧಡ್ ಧಡ್’ ಅಂತ ಒಂದು ತಳ್ಳು ಹಿಂದಿನವರೆಗೂ ಹೋಗುತ್ತಲ್ಲ, ಹಾಗೆ ಇದು ಹಿಂದೆ-ಮುಂದೆ ತಳ್ಳುತ್ತಾ ಸಾಗುತ್ತೆ. ಗಟ್ಟಿ ಬಂಡೆಯಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ.

ಎರಡನೆಯದು ಎಸ್ ಅಲೆ. ಹಗ್ಗದ ಒಂದು ತುದಿ ಹಿಡಿದು ಜಾಡಿಸಿದರೆ ಹೋಗೋ ಅಲೆಯ ಹಾಗೆ ಇದು ಅಡ್ಡಡ್ಡ ಅಲ್ಲಾಡಿಸುತ್ತೆ. ವೇಗ ಸೆಕೆಂಡಿಗೆ ಸುಮಾರು 3.5 ಕಿ.ಮೀ. ನಿಧಾನ, ಆದರೆ ಬಲ ಜಾಸ್ತಿ. ಕಟ್ಟಡಗಳು ತಮ್ಮ ತೂಕವನ್ನ ಹೊರೋಕೆ ಅಂತ ಕಟ್ಟಿರೋವು, ಪಕ್ಕಕ್ಕೆ ಎಳೆದರೆ ಅವಕ್ಕೆ ಕಷ್ಟ. ಹಾಗಾಗಿ ಹೆಚ್ಚು ಹಾನಿ ಮಾಡೋದು ಎಸ್ ಅಲೆ ಮತ್ತು ಅದರ ಹಿಂದೆಯೇ ಬರೋ ಮೇಲ್ಮೈ ಅಲೆಗಳು.

ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ನಾವು ಚಿಕ್ಕವರಿದ್ದಾಗ ಲೆಕ್ಕ ಹಾಕ್ತಿದ್ದೆವು. ಭೂಕಂಪಕ್ಕೂ ಅದೇ ಲೆಕ್ಕ. ಒಂದು ಕಿಲೋಮೀಟರ್ ದಾಟೋಕೆ ಪಿ ಅಲೆಗೆ 0.167 ಸೆಕೆಂಡು, ಎಸ್ ಅಲೆಗೆ 0.286 ಸೆಕೆಂಡು. ವ್ಯತ್ಯಾಸ 0.119. ಅದನ್ನ ತಲೆಕೆಳಗು ಮಾಡಿದರೆ:

ದೂರ (ಕಿ.ಮೀ.) ≈ 8.4 × (ಎಸ್ ಬಂದ ಸಮಯ – ಪಿ ಬಂದ ಸಮಯ)

ಎರಡರ ನಡುವೆ 10 ಸೆಕೆಂಡು ಅಂತರ ಇದ್ದರೆ ಭೂಕಂಪ ಆದ ಜಾಗ ಸುಮಾರು 84 ಕಿ.ಮೀ. ದೂರ. ಮೂರು ಕೇಂದ್ರಗಳಿಂದ ಹೀಗೆ ದೂರ ಸಿಕ್ಕರೆ, ಮೂರು ವೃತ್ತ ಎಳೆದು ಅವು ಸೇರೋ ಜಾಗವನ್ನ ಗುರುತಿಸಬಹುದು. ಹತ್ತನೇ ಕ್ಲಾಸಿನ ಜಾಮಿಟ್ರಿ ಸಾಕು. ಮುನ್ನೆಚ್ಚರಿಕೆ ವ್ಯವಸ್ಥೆಗೆ ಮಾತ್ರ ಎಸ್ ಬರೋವರೆಗೆ ಕಾಯೋ ಪುರುಸೊತ್ತು ಇರಲ್ಲ. ಪಿ ಅಲೆಯ ಮೊದಲ ಎರಡು-ಮೂರು ಸೆಕೆಂಡು ನೋಡಿಯೇ ಎಲ್ಲಿ, ಎಷ್ಟು ದೊಡ್ಡದು ಅಂತ ಅಂದಾಜು ಮಾಡಬೇಕು.

ಈ ಯೋಚನೆ ಹೊಸದಲ್ಲ. 1868 ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿ ಭೂಕಂಪ ಆದ ಮೇಲೆ ಜೆ. ಡಿ. ಕೂಪರ್ ಅನ್ನೋರು ಅಲ್ಲಿನ ಪತ್ರಿಕೆಯಲ್ಲಿ ಬರೆದರು: ಊರಿನಿಂದ ದೂರದಲ್ಲಿ ಕಂಪನ ಗುರುತಿಸೋ ಸಾಧನ ಇಟ್ಟು, ಟೆಲಿಗ್ರಾಫ್ ತಂತಿಯ ಮೂಲಕ ಊರಿನ ಗಂಟೆ ಬಾರಿಸಬೇಕು ಅಂತ. ವಿದ್ಯುತ್ತು ಅಲೆಗಿಂತ ವೇಗ, ಆದ್ದರಿಂದ ಗಂಟೆ ಮೊದಲು ಹೊಡೆಯುತ್ತೆ. ಯೋಚನೆ ಸರಿಯಾಗಿಯೇ ಇತ್ತು, ಮಾಡಿ ತೋರಿಸೋಕೆ ಜಗತ್ತಿಗೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಕುರುಡು ವಲಯ: ಕಿಲ್ಲಾರಿ ಮತ್ತು ಅಹಮದಾಬಾದ್

ಈಗ ಸ್ವಲ್ಪ ಲೆಕ್ಕ. ಭೂಕಂಪ ಆದ ಜಾಗದಿಂದ 20 ಕಿ.ಮೀ. ದೂರದಲ್ಲಿ ಒಂದು ಸೆನ್ಸರ್ ಇದೆ ಅಂತ ಇಟ್ಕೊಳ್ಳಿ. ಪಿ ಅಲೆ ಅಲ್ಲಿಗೆ ಬರೋಕೆ 3 ಸೆಕೆಂಡಿಗೂ ಸ್ವಲ್ಪ ಜಾಸ್ತಿ. ಸಿಗ್ನಲ್ ನೋಡಿ, ಇನ್ನೆರಡು ಸೆನ್ಸರ್ ಜೊತೆ ತಾಳೆ ಹಾಕಿ, ಎಚ್ಚರಿಕೆ ಕಳಿಸೋಕೆ ಇನ್ನೊಂದು 5-6 ಸೆಕೆಂಡು. ಒಟ್ಟು 9 ಸೆಕೆಂಡು ಅನ್ನೋಣ. ಅಷ್ಟರಲ್ಲಿ ಎಸ್ ಅಲೆ 9 × 3.5 = 31.5 ಕಿ.ಮೀ. ದಾಟಿರುತ್ತೆ. ಆ 31.5 ಕಿಲೋಮೀಟರ್ ಒಳಗಿರೋರಿಗೆ ಎಚ್ಚರಿಕೆ ಬರೋದು ಮನೆ ಅಲ್ಲಾಡಿದ ಮೇಲೆ. ಇದನ್ನ ಕುರುಡು ವಲಯ ಅಂತ ಕರೀತಾರೆ. ಅದರಾಚೆ ಹೀಗೆ:

50 ಕಿ.ಮೀ. ದೂರದವರಿಗೆ – ಸುಮಾರು 5 ಸೆಕೆಂಡು
100 ಕಿ.ಮೀ. ದೂರದವರಿಗೆ – ಸುಮಾರು 20 ಸೆಕೆಂಡು
240 ಕಿ.ಮೀ. ದೂರದವರಿಗೆ – ಸುಮಾರು 60 ಸೆಕೆಂಡು

ಈ ಲೆಕ್ಕವನ್ನ ನಿಜವಾದ ಎರಡು ಭೂಕಂಪಗಳ ಮೇಲೆ ಹಾಕಿ ನೋಡಿದೆವು.

1993 ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಕರ್ನಾಟಕದ ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ರಾತ್ರಿ. ಪ್ರಮಾಣ 6.2, ಸತ್ತವರು ಸುಮಾರು 8,000. ಭೂಕಂಪ ಆಳದಲ್ಲಿ ಆಗಿರಲಿಲ್ಲ, ಹಳ್ಳಿಗಳ ಅಡಿಯಲ್ಲೇ ಆಗಿತ್ತು. ಮನೆಗಳೋ ಮಣ್ಣಿನ ಗಾರೆ ಹಾಕಿ ಕಲ್ಲು ಪೇರಿಸಿದ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೀದರ್, ಕಲಬುರಗಿ ಕಡೆಯ ಹಳೇ ಮನೆಗಳನ್ನ ನೋಡಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತೆ. ಅವತ್ತು ಇವತ್ತಿನ ತಂತ್ರಜ್ಞಾನವೆಲ್ಲ ಇದ್ದಿದ್ದರೂ ಕಿಲ್ಲಾರಿಗೆ ಒಂದು ಸೆಕೆಂಡೂ ಸಿಗ್ತಿರಲಿಲ್ಲ. ಸುಮಾರು 85 ಕಿ.ಮೀ. ದೂರದ ಕಲಬುರಗಿಗೆ ಹದಿನೈದು ಸೆಕೆಂಡು ಸಿಗ್ತಿತ್ತು. ಎಚ್ಚರಿಕೆ ತುಂಬಾ ಬೇಕಾಗಿದ್ದ ಜಾಗಕ್ಕೇ ಅದು ಸಿಗೋದಿಲ್ಲ ಅನ್ನೋದು ಈ ವಿದ್ಯೆಯ ದೊಡ್ಡ ಮಿತಿ.

2001 ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷ. ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿದ್ದ ಹೊತ್ತಲ್ಲಿ ಗುಜರಾತಿನ ಕಛ್ ಪ್ರದೇಶದಲ್ಲಿ 7.7 ಪ್ರಮಾಣದ ಭೂಕಂಪ. ಭುಜ್, ಭಚಾವ್ ನೆಲಸಮ ಆದವು. ಆದರೆ ಸುಮಾರು 240 ಕಿ.ಮೀ. ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದು 700 ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೂರ ಬರೋಕೆ ಎಸ್ ಅಲೆಗೆ 68 ಸೆಕೆಂಡಿಗೂ ಜಾಸ್ತಿ ಬೇಕು. ಅಹಮದಾಬಾದಿಗೆ ಒಂದು ನಿಮಿಷದ ಹತ್ತಿರ ಸಮಯ ಇತ್ತು. ಹೇಳೋರು ಯಾರೂ ಇರಲಿಲ್ಲ.

ಹತ್ತಿರದವರಿಗೆ ಗಟ್ಟಿ ಮನೆಯೊಂದೇ ದಿಕ್ಕು, ದೂರದವರಿಗೆ ಮಾತ್ರ ಎಚ್ಚರಿಕೆಯೂ ಸಿಗುತ್ತೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದರೆ ಇದನ್ನ ನೆನಪಿಟ್ಕೊಳ್ಳಿ.

ಮೂರು ಫೋನುಗಳ ಪ್ರಯೋಗ

ಸೆನ್ಸರ್‌ಗೆ ಅದು ಭೂಕಂಪ ಅಂತ ಹೇಗೆ ಗೊತ್ತಾಗುತ್ತೆ? ಇದನ್ನ ತಿಳ್ಕೊಳ್ಳೋಕೆ ನಾವೇ ಮಾಡಿ ನೋಡಿದೆವು. ಸ್ಮಾರ್ಟ್‌ಫೋನುಗಳಲ್ಲಿ ಆಕ್ಸೆಲೆರೋಮೀಟರ್ ಇದೆ. ಫೋನ್ ಅಡ್ಡ ಮಾಡಿದರೆ ಸ್ಕ್ರೀನ್ ತಿರುಗೋದು ಅದರಿಂದಲೇ. ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿದರೆ ಅದರ ಅಳತೆಗಳು ನೇರವಾಗಿ ಸಿಗುತ್ತವೆ.

ತ್ಯಾಗರಾಜನಗರದಲ್ಲಿ ನಮ್ಮಲ್ಲೊಬ್ಬರ ಮನೆ. ಒಂದು ಫೋನನ್ನ ಹಾಲಿನ ನೆಲದ ಮೇಲೆ, ಇನ್ನೊಂದನ್ನ ಅದೇ ಮನೆಯ ರೂಮಿನಲ್ಲಿ, ಮೂರನೆಯದನ್ನ ಪಕ್ಕದ ಬೀದಿಯ ಸ್ನೇಹಿತನ ಮನೆಯಲ್ಲಿ ಇಟ್ಟೆವು. ಅಜ್ಜಿ ಬಂದು ನೋಡಿ, “ಏನ್ರೋ ಇದು, ಫೋನನ್ನ ನೆಲದ ಮೇಲೆ ಮಲಗಿಸಿದೀರ? ಜ್ವರ ಬಂದಿದ್ಯಾ ಅದಕ್ಕೆ?” ಅಂದರು.

ಸಿಗ್ನಲ್ ಗುರುತಿಸೋಕೆ ಎಸ್‌ಟಿಎ/ಎಲ್‌ಟಿಎ ಅನ್ನೋ ಹಳೆಯ ವಿಧಾನ ಬಳಸಿದೆವು. ಭೂಕಂಪ ಕೇಂದ್ರಗಳಲ್ಲಿ ಇವತ್ತಿಗೂ ಇದು ಬಳಕೆಯಲ್ಲಿದೆ. ತುಂಬಾ ಸರಳ. ಕಳೆದ 1 ಸೆಕೆಂಡಿನ ಅಲುಗಾಟದ ಸರಾಸರಿ ತಗೊಳ್ಳಿ. ಕಳೆದ 30 ಸೆಕೆಂಡಿನ ಸರಾಸರಿ ತಗೊಳ್ಳಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ. ಸುಮ್ಮನಿದ್ದಾಗ ಉತ್ತರ 1 ರ ಹತ್ತಿರ ಇರುತ್ತೆ. ಏನಾದರೂ ತಟ್ಟನೆ ಆದರೆ ಮೇಲೆ ಹಾರುತ್ತೆ. ನಾವು 4 ದಾಟಿದರೆ ‘ಟ್ರಿಗರ್’ ಅಂತ ಇಟ್ಟೆವು. ಪೈಥಾನ್‌ನಲ್ಲಿ ಮೂವತ್ತು ಸಾಲೂ ಆಗಲಿಲ್ಲ.

ಸಂಜೆ 6 ರಿಂದ 8 ರವರೆಗೆ ಇಟ್ಟು ನೋಡಿದರೆ ಹಾಲಿನ ಫೋನ್ 37 ಸಲ ‘ಭೂಕಂಪ’ ಅಂತ ಕೂಗಿತ್ತು! ಸಮಯ ನೋಡಿ ಒಂದೊಂದಾಗಿ ಹುಡುಕಿದೆವು. ಸಂಪಿನ ಮೋಟಾರ್ ಆನ್ ಆಗಿದ್ದು, ಅಡುಗೆಮನೆಯಲ್ಲಿ ಮಿಕ್ಸಿ, ಬಾಗಿಲು ಧಡಾರ್ ಅಂತ ಹಾಕಿದ್ದು, ಮೇಲಿನ ಮನೆಯ ಮಗು ಕುಣಿದಿದ್ದು. ಅದೇ ಮನೆಯ ಎರಡು ಫೋನುಗಳೂ ಒಟ್ಟಿಗೆ ಕೂಗಿದ್ದು 11 ಸಲ. ಪಕ್ಕದ ಬೀದಿಯ ಫೋನೂ ಸೇರಿ ಮೂರೂ ಒಟ್ಟಿಗೆ ಕೂಗಿದ್ದು ಒಂದೇ ಸಲ, ಅದೂ ಕಾಕತಾಳೀಯ.

ಪಾಠ ಸ್ಪಷ್ಟ. ಒಂದು ಸೆನ್ಸರ್ ಸುಳ್ಳು ಹೇಳುತ್ತೆ, ದೂರದೂರದ ಹತ್ತು ಸೆನ್ಸರ್ ಒಟ್ಟಿಗೆ ಸುಳ್ಳು ಹೇಳೋದು ಕಷ್ಟ. ಇನ್ನೊಂದು ಪಾಠವೂ ಸಿಕ್ಕಿತು. ನಮ್ಮ ಫೋನುಗಳ ಗಡಿಯಾರಗಳಲ್ಲೇ ಸುಮಾರು ಒಂದು ಸೆಕೆಂಡು ವ್ಯತ್ಯಾಸ ಇತ್ತು. ಒಂದು ಸೆಕೆಂಡು ಅಂದರೆ ಪಿ ಅಲೆಯ ಲೆಕ್ಕದಲ್ಲಿ 6 ಕಿ.ಮೀ. ತಪ್ಪು. ಅದಕ್ಕೇ ನಿಜವಾದ ಕೇಂದ್ರಗಳಲ್ಲಿ ಜಿಪಿಎಸ್ ಗಡಿಯಾರ ಇಟ್ಟಿರ್ತಾರೆ.

ಆಂಡ್ರಾಯ್ಡ್ ಫೋನುಗಳ ಭೂಕಂಪ ಎಚ್ಚರಿಕೆಯೂ ಹೀಗೇ ಕೆಲಸ ಮಾಡೋದು. ಚಾರ್ಜಿಗೆ ಹಾಕಿ ಅಲ್ಲಾಡದೆ ಇರೋ ಫೋನುಗಳು ಕಂಪನ ಕಂಡ ಕೂಡಲೇ ಗೂಗಲ್ ಸರ್ವರಿಗೆ ತಿಳಿಸ್ತವೆ. ಒಂದೇ ಕಡೆಯ ಬಹಳಷ್ಟು ಫೋನುಗಳು ಒಂದೇ ಹೊತ್ತಿಗೆ ಹೇಳಿದರೆ ಮಾತ್ರ ಎಚ್ಚರಿಕೆ ಹೊರಡುತ್ತೆ. ಭಾರತದಲ್ಲಿ ಇದು 2023 ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು.

ಬೇರೆಯವರ ಅನುಭವ, ನಮ್ಮ ಹತ್ತಿರ ಇರೋದು

ಮೆಕ್ಸಿಕೋ ಸಿಟಿಯಲ್ಲಿ 1985 ರ ಸೆಪ್ಟೆಂಬರ್ 19 ರ ಭೂಕಂಪಕ್ಕೆ ಸಾವಿರಾರು ಜನ ಸತ್ತ ಮೇಲೆ ಸಮುದ್ರ ತೀರದುದ್ದಕ್ಕೂ ಸೆನ್ಸರ್ ಹಾಕಿದರು. ತೀರ 300 ಕಿ.ಮೀ. ದೂರ ಇರೋದರಿಂದ ಊರಿಗೆ ಒಂದು ನಿಮಿಷದಷ್ಟು ಸಮಯ ಸಿಗುತ್ತೆ. ಆದರೆ 2017 ರ ಸೆಪ್ಟೆಂಬರ್ 19 ರಂದು, ಬೆಳಿಗ್ಗೆ ವಾರ್ಷಿಕ ಅಣಕು ಕವಾಯತು ಮುಗಿಸಿದ ದಿನವೇ ಮಧ್ಯಾಹ್ನ, ಊರಿಗೆ ಹತ್ತಿರದಲ್ಲಿ ನಿಜವಾದ ಭೂಕಂಪ ಆಯಿತು. ಸೈರನ್ ಕೂಗೋದೂ ನೆಲ ಅಲ್ಲಾಡೋದೂ ಹೆಚ್ಚುಕಮ್ಮಿ ಒಟ್ಟಿಗೇ ಆಯಿತು. ಮತ್ತೆ ಅದೇ ಕುರುಡು ವಲಯ.

ಜಪಾನ್ 2007 ರ ಅಕ್ಟೋಬರ್‌ನಿಂದ ಇಡೀ ದೇಶಕ್ಕೆ ಎಚ್ಚರಿಕೆ ಕೊಡ್ತಾ ಇದೆ. 2011 ರ ಮಾರ್ಚ್ 11 ರ ಭೂಕಂಪದಲ್ಲಿ ಪ್ರಯಾಣಿಕರಿದ್ದ ಒಂದು ಶಿಂಕಾನ್‌ಸೆನ್ ರೈಲೂ ಅಪಘಾತಕ್ಕೆ ಸಿಕ್ಕಲಿಲ್ಲ, ಯಂತ್ರಗಳೇ ಮೊದಲು ಬ್ರೇಕ್ ಹಾಕಿದ್ದವು. ಆದರೆ ಅದೇ ದಿನ ಮೊದಲ ಅಂದಾಜಿನಲ್ಲಿ ಪ್ರಮಾಣ 7.9 ಅಂತ ಬಂತು, ನಿಜಕ್ಕೂ ಅದು 9.0. ಬಿರುಕು ಇನ್ನೂ ಸೀಳ್ತಾ ಇರುವಾಗಲೇ ಲೆಕ್ಕ ಮುಗಿಸಿದ್ದರ ಫಲ ಅದು. ಸುನಾಮಿಯ ಎತ್ತರವನ್ನೂ ಮೊದಲು ಕಡಿಮೆ ಹೇಳಲಾಯಿತು.

ನಮ್ಮ ದೇಶದಲ್ಲಿ ಐಐಟಿ ರೂರ್ಕಿಯವರು ಉತ್ತರಾಖಂಡದ ಬೆಟ್ಟಗಳಲ್ಲಿ ಸೆನ್ಸರ್ ಜಾಲ ಹಾಕಿ, 2021 ರಲ್ಲಿ ಅಲ್ಲಿನ ಸರ್ಕಾರದ ಜೊತೆ ಎಚ್ಚರಿಕೆಯ ಆ್ಯಪ್ ಬಿಡುಗಡೆ ಮಾಡಿದರು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ 28 ಭೂಕಂಪ ಮಾಪಕಗಳನ್ನ ಹಾಕೋ ಯೋಜನೆ ಇದೆ. ಅವುಗಳಲ್ಲಿ 22 ಹಳಿಯ ಉದ್ದಕ್ಕೆ, ಉಳಿದ 6 ದೂರದ ಅಪಾಯದ ಜಾಗಗಳಲ್ಲಿ. ಆ ಆರರ ಪಟ್ಟಿಯಲ್ಲಿ ಲಾತೂರ್ ಇದೆ, ಹಳೇ ಭುಜ್ ಕೂಡ ಇದೆ.

ಕರ್ನಾಟಕದಲ್ಲಿ? ನಂದಿ ಬೆಟ್ಟಕ್ಕೆ ಬೈಕ್ ಓಡಿಸೋ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ, ಅಲ್ಲಿಂದ ಸ್ವಲ್ಪ ಮುಂದೆ ಗೌರಿಬಿದನೂರಿನಲ್ಲಿ 1965 ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಒಂದು ಸಾಲು ಇದೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಇಪ್ಪತ್ತು ಮಾಪಕಗಳು. ಬೇರೆ ದೇಶಗಳು ನೆಲದಡಿ ನಡೆಸೋ ಅಣು ಪರೀಕ್ಷೆಯನ್ನ ಪತ್ತೆ ಮಾಡೋದು ಅದರ ಮೂಲ ಉದ್ದೇಶ. ಒಂದೊಂದು ಮಾಪಕಕ್ಕೆ ಅಲೆ ಎಷ್ಟೆಷ್ಟು ತಡವಾಗಿ ಬಂತು ಅಂತ ನೋಡಿ ದಿಕ್ಕು ಹೇಳ್ತಾರೆ. ಇ ಆ್ಯಂಡ್ ಸಿ ಸ್ನೇಹಿತರೇ, ಆಂಟೆನಾ ಅರೇ ಪಾಠದ ಬೀಮ್ ಫಾರ್ಮಿಂಗ್ ಇದೇ.

ಯಲಹಂಕದಲ್ಲಿರೋ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ರಾಜ್ಯದ ಹಲವು ಕಡೆ ಮಾಪಕಗಳನ್ನ ಇಟ್ಟಿದೆ. 2021 ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆಮತ್ತೆ ನೆಲ ನಡುಗಿ, ಭೂಮಿಯೊಳಗಿಂದ ಸದ್ದು ಬಂದು, ಜನ ಮನೆಯೊಳಗೆ ಮಲಗೋಕೆ ಹೆದರಿ ಹೊರಗೆ ರಾತ್ರಿ ಕಳೆದಿದ್ದರು. ಜೋರು ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದು ಒತ್ತಡ ಬದಲಾದಾಗ ಇಂಥ ಚಿಕ್ಕ ಕಂಪನ ಆಗುತ್ತೆ ಅಂತ ವಿಜ್ಞಾನಿಗಳು ವಿವರಿಸಿದರು. ಅವು ಕಾಲ ಕೆಳಗೇ ಆಗೋ ಕಂಪನಗಳು, ಅಲ್ಲಿ ಪಿ ಮತ್ತು ಎಸ್ ಒಟ್ಟಿಗೇ ಬಂದ ಹಾಗೆ. ಸೆಕೆಂಡುಗಳ ಎಚ್ಚರಿಕೆಗೆ ಅವಕಾಶ ಇಲ್ಲ. ಆ ಊರಿಗೆ ಬೇಕಾಗಿದ್ದು ಸೈರನ್ ಅಲ್ಲ, ಮಾಪಕ ತಂದಿಟ್ಟು ಧೈರ್ಯ ಹೇಳೋ ಜನ ಮತ್ತು ಬೀಳದ ಗೋಡೆ.

ಜ್ವಾಲಾಮುಖಿಯ ಬಗ್ಗೆ ಒಂದೆರಡು ಮಾತು

ಕಲಬುರಗಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಈಗ ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರೋದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ, ಅಲ್ಲಿ ಜನವಸತಿ ಇಲ್ಲ.

ಭೂಕಂಪದ ಹಾಗಲ್ಲ, ಜ್ವಾಲಾಮುಖಿ ದಿನಗಳು, ವಾರಗಳು ಮೊದಲೇ ಸೂಚನೆ ಕೊಡುತ್ತೆ: ಸಣ್ಣ ಕಂಪನ, ಉಬ್ಬೋ ನೆಲ, ಗಂಧಕದ ಅನಿಲ. 1991 ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿಯೋ ಮೊದಲು ಇದನ್ನೆಲ್ಲ ನೋಡಿ ಹತ್ತಾರು ಸಾವಿರ ಜನರನ್ನ ಸ್ಥಳಾಂತರಿಸಿ ಉಳಿಸಿದರು. 1985 ರ ನವೆಂಬರ್ 13 ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಅಪಾಯದ ನಕ್ಷೆ ಮೊದಲೇ ತಯಾರಿತ್ತು. ಬೆಟ್ಟದಿಂದ ಕೆಸರಿನ ಹೊಳೆ ಅರ್ಮೆರೊ ಊರಿಗೆ ಬರೋಕೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಆದರೂ ಊರನ್ನ ಖಾಲಿ ಮಾಡಿಸಲಿಲ್ಲ, 20,000 ಕ್ಕೂ ಹೆಚ್ಚು ಜನ ಸತ್ತರು. ಎರಡು ಗಂಟೆ ಸಿಕ್ಕರೂ ಏನು ಮಾಡಬೇಕು ಅನ್ನೋ ತೀರ್ಮಾನ ಇಲ್ಲದಿದ್ದರೆ ಉಪಯೋಗ ಇಲ್ಲ. ಹಾಗಾದರೆ ಹತ್ತು ಸೆಕೆಂಡಿನಲ್ಲಿ?

ಅಜ್ಜಿ ಮತ್ತು ಸ್ಟಾಪ್‌ವಾಚ್

ಇಲ್ಲಿಂದ ನಮ್ಮ ಎರಡನೇ ಪ್ರಯೋಗ ಶುರು. ಅಜ್ಜಿಗೆ 78 ವರ್ಷ, ಮಂಡಿ ನೋವು. ಹಳೇ ಹೆಂಚಿನ ಮನೆ ಕೆಡವಿ ಕಟ್ಟಿಸಿದ ಕಟ್ಟಡದ ಮೂರನೇ ಮಹಡಿಯಲ್ಲಿ ಇರ್ತಾರೆ. “ಅಜ್ಜಿ, ನಾವು ಅಲಾರಂ ಹೊಡೆದ ಕೂಡಲೇ ಭೂಕಂಪ ಬಂತು ಅಂದ್ಕೊಂಡು ನಿಮಗೆ ತೋಚಿದ ಹಾಗೆ ಮಾಡಿ” ಅಂದೆವು.

ಅಲಾರಂ ಹೊಡೆಯಿತು. ಅಜ್ಜಿ ಎದ್ದು ಕೂತರು. ಕನ್ನಡಕ ಹುಡುಕಿದರು. ಚಪ್ಪಲಿ ಹಾಕೊಂಡರು. ಅಡುಗೆಮನೆಗೆ ಹೋಗಿ ಗ್ಯಾಸ್ ಆಫ್ ಮಾಡಿದರು. ಆಮೇಲೆ ಮುಂಬಾಗಿಲಿಗೆ ಬಂದರು. ಬಾಗಿಲಿಗೆ 52 ಸೆಕೆಂಡು. ಮೆಟ್ಟಿಲಿಳಿದು ರಸ್ತೆಗೆ ಬರೋಕೆ 3 ನಿಮಿಷ 10 ಸೆಕೆಂಡು. “ಗ್ಯಾಸ್ ಆಫ್ ಮಾಡ್ದೆ ಹೋಗೋದು ಹೇಗೋ? ಮನೆ ಸುಟ್ಟು ಹೋದ್ರೆ?” ಅಂತ ನಮಗೇ ಬೈದರು.

ನಾವೂ ಓಡಿ ನೋಡಿದೆವು. ಹತ್ತೊಂಬತ್ತರ ಹುಡುಗರು, ಮೂರನೇ ಮಹಡಿಯಿಂದ ರಸ್ತೆಗೆ 31 ಸೆಕೆಂಡು. ಖಾಲಿ ಮೆಟ್ಟಿಲಿನಲ್ಲಿ, ನೆಲ ಅಲ್ಲಾಡದೆ ಇದ್ದಾಗ, ಹಗಲು ಹೊತ್ತಿನಲ್ಲಿ. ನಿಜವಾದ ದಿನ ಎಲ್ಲ ಮನೆಯವರೂ ಅದೇ ಮೆಟ್ಟಿಲಿಗೆ ಬರ್ತಾರೆ.

ಹದಿನೈದು ಸೆಕೆಂಡಿನ ಎಚ್ಚರಿಕೆ ಬಂದರೆ ಎಸ್ ಅಲೆ ಬರೋ ಹೊತ್ತಿಗೆ ಅಜ್ಜಿ ಇನ್ನೂ ಕನ್ನಡಕ ಹುಡುಕ್ತಾ ಇರ್ತಾರೆ, ನಾವು ಮೆಟ್ಟಿಲ ಮಧ್ಯದಲ್ಲಿ ಇರ್ತೀವಿ. ಮೆಟ್ಟಿಲ ಮಧ್ಯ ಅನ್ನೋದು ಇರಬಾರದ ಜಾಗ.

ಅದಕ್ಕೇ ಎಷ್ಟೋ ದೇಶಗಳಲ್ಲಿ ಹೇಳಿಕೊಡೋದು ಓಡೋದನ್ನಲ್ಲ. ಬಗ್ಗಿ ಕೂರು, ಗಟ್ಟಿ ಮೇಜಿನಡಿ ಮರೆಯಾಗು, ಮೇಜಿನ ಕಾಲು ಹಿಡಿದುಕೋ. ಹಾಸಿಗೆಯಲ್ಲಿ ಇರೋ ಹಿರಿಯರು ಅಲ್ಲೇ ಬೋರಲಾಗಿ ಮಲಗಿ ದಿಂಬಿನಿಂದ ತಲೆ-ಕುತ್ತಿಗೆ ಮುಚ್ಚಿಕೊಂಡರೆ ಸಾಕು. ಅಜ್ಜಿಯಿಂದ ಅದನ್ನೂ ಮಾಡಿಸಿದೆವು. 6 ಸೆಕೆಂಡು. 52 ಎಲ್ಲಿ, 6 ಎಲ್ಲಿ! ಎಚ್ಚರಿಕೆಯ ಸಂದೇಶದಲ್ಲಿ ‘ಭೂಕಂಪ ಬರ್ತಿದೆ’ ಅಂತ ಮಾತ್ರ ಇದ್ದರೆ ಜನ ಓಡ್ತಾರೆ. ಏನು ಮಾಡಬೇಕು ಅಂತ ಅವರ ಭಾಷೆಯಲ್ಲಿ ಎರಡು ಪದ ಇದ್ದರೆ ಆ ಸೆಕೆಂಡುಗಳಿಗೆ ಬೆಲೆ ಬರುತ್ತೆ.

ಆಮೇಲೆ ನಮಗೆ ಹೊಳೆದಿದ್ದು, ಅಜ್ಜಿಯ ಹತ್ತಿರ ಇರೋದು ಬಟನ್ ಫೋನು! ಆಂಡ್ರಾಯ್ಡ್ ಎಚ್ಚರಿಕೆ ಅದಕ್ಕೆ ಬರೋದೇ ಇಲ್ಲ. 2023 ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಎಲ್ಲರ ಫೋನೂ ಒಂದೇ ಸಲ ಕಿರುಚಿದ್ದು ನೆನಪಿದ್ಯಾ? ಆಗ ನಾವು ಪಿಯುಸಿಯಲ್ಲಿದ್ದೆವು. ಅದು ಟವರ್‌ನಿಂದ ನೇರವಾಗಿ ಕಳಿಸೋ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯ ಪರೀಕ್ಷೆ. ಅಂಥದ್ದು ಅಜ್ಜಿಯಂಥವರಿಗೂ ತಲುಪೋ ಹಾಗೆ ಮಾಡೋದು ನಮ್ಮಂಥ ಎಂಜಿನಿಯರುಗಳ ಮುಂದಿರೋ ನಿಜವಾದ ಪ್ರಾಜೆಕ್ಟ್.

ಕೆಳಗಿನ ಪಾರ್ಕಿಂಗ್

ಇನ್ನೊಂದು ಮಾತು ಉಳಿದಿದೆ. ಮೇಜಿನಡಿ ಕೂರೋ ಸಲಹೆ ಕಟ್ಟಡ ನಿಂತಿರುತ್ತೆ ಅನ್ನೋ ನಂಬಿಕೆಯ ಮೇಲೆ ನಿಂತಿದೆ.

ಅಹಮದಾಬಾದಿನಲ್ಲಿ ಬಿದ್ದ ಎಷ್ಟೋ ಕಟ್ಟಡಗಳಲ್ಲಿ ಒಂದು ಸಾಮ್ಯ ಇತ್ತು. ನೆಲ ಅಂತಸ್ತಿನಲ್ಲಿ ಕಾರು ನಿಲ್ಲಿಸೋಕೆ ಬರೀ ಕಂಬಗಳು, ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ ಗೋಡೆ. ಗೋಡೆಗಳಿಂದ ಮೇಲ್ಭಾಗ ಪೆಟ್ಟಿಗೆಯ ಹಾಗೆ ಗಡುಸು, ಕೆಳಭಾಗ ಮೆದು. ಅಡ್ಡಡ್ಡ ಎಳೆದಾಗ ಬಾಗೋದೆಲ್ಲ ಆ ಕಂಬಗಳೇ, ಮುರಿಯೋದೂ ಅವೇ. ನಮ್ಮ ಸಿವಿಲ್ ಬ್ರ್ಯಾಂಚಿನ ಸ್ನೇಹಿತೆ ನಾಲ್ಕು ಪೆನ್ಸಿಲ್ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಟೇಬಲ್ ಅಲ್ಲಾಡಿಸಿ ತೋರಿಸಿದಳು. ಆಮೇಲೆ ತ್ಯಾಗರಾಜನಗರದ ಬೀದಿಗಳಲ್ಲಿ ನಡೀವಾಗ ಕಣ್ಣು ಬೇರೇನನ್ನೂ ನೋಡಲಿಲ್ಲ. ಹಳೇ ಮನೆ ಹೋಗಿ ಹೊಸದು ಬಂದಲ್ಲೆಲ್ಲ ಕೆಳಗೆ ಕಂಬ, ಮೇಲೆ ಮನೆ. ಅಜ್ಜಿಯದೂ ಹಾಗೇ.

ಹೆದರಿಸೋಕೆ ಹೇಳ್ತಿಲ್ಲ. ಬಸವನಗುಡಿ, ಲಾಲ್‌ಬಾಗ್ ಸುತ್ತ ನಮ್ಮ ಕಾಲ ಕೆಳಗಿರೋದು ಸುಮಾರು 300 ಕೋಟಿ ವರ್ಷದ ಹಳೇ ಬಂಡೆ. ಐಎಸ್ 1893 ಸಂಹಿತೆಯ 2002 ಮತ್ತು 2016 ರ ನಕ್ಷೆಗಳಲ್ಲಿ ಬೆಂಗಳೂರು ಇರೋದು ವಲಯ 2 ರಲ್ಲಿ, ಅಂದರೆ ಕಡಿಮೆ ಅಪಾಯದ ವಲಯ. ಆದರೆ 1993 ರಲ್ಲಿ ಕಿಲ್ಲಾರಿ ಇದ್ದಿದ್ದು ಆಗಿನ ನಕ್ಷೆಯ ವಲಯ 1 ರಲ್ಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಆಮೇಲೆ 2002 ರಲ್ಲಿ ವಲಯ 1 ಅನ್ನೋದನ್ನೇ ತೆಗೆದುಹಾಕಿದರು.

ಕಂಬದೊಳಗಿನ ಕಬ್ಬಿಣದ ರಿಂಗುಗಳನ್ನ ಹತ್ತಿರಹತ್ತಿರ ಕಟ್ಟಿ, ಅವುಗಳ ತುದಿಯನ್ನ 135 ಡಿಗ್ರಿ ಒಳಗೆ ಬಗ್ಗಿಸಬೇಕು ಅಂತ ಐಎಸ್ 13920 ಹೇಳುತ್ತೆ. ಕಾಂಕ್ರೀಟ್ ಸೀಳಿದರೂ ರಿಂಗ್ ಬಿಚ್ಚಿಕೊಳ್ಳದೆ ಕಂಬವನ್ನ ಹಿಡಿದಿಡಲಿ ಅಂತ. ಅದರ 2016 ರ ಆವೃತ್ತಿಯಲ್ಲಿ ವಲಯ 2 ಕ್ಕೆ ಅದು ಕಡ್ಡಾಯ ಆಗಿರಲಿಲ್ಲ, ಐಚ್ಛಿಕವಾಗಿತ್ತು. ಮನೆ ಕಟ್ಟಿಸೋರು ಕೇಳಿದರೆ ಮಾಡ್ತಾರೆ, ಕೇಳದಿದ್ದರೆ ಇಲ್ಲ. ಅಜ್ಜಿಯ ಮನೆ ಕಟ್ಟುವಾಗ ಯಾರೂ ಕೇಳಿರಲಿಲ್ಲ. ಕೇಳಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ.

ಈ ವಾರ ಮಾಡಬಹುದಾದ ಕೆಲಸ

ಒಂದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ವಿಭಾಗಕ್ಕೆ ಹೋಗಿ ಭೂಕಂಪದ ಎಚ್ಚರಿಕೆ ಆನ್ ಇದೆಯಾ ನೋಡಿ. ಇಂಟರ್ನೆಟ್, ಲೊಕೇಶನ್ ಎರಡೂ ಬೇಕು.

ಎರಡು, ಮನೆಯ ಹಿರಿಯರ ಹಾಸಿಗೆಯ ಮೇಲ್ಗಡೆ ಗೋಡೆಗೆ ಭಾರದ ಫೋಟೋ, ಅಟ್ಟದ ತುದಿಯಲ್ಲಿ ಟ್ರಂಕು, ಹಿತ್ತಾಳೆ ಪಾತ್ರೆ ಇದ್ದರೆ ಜಾಗ ಬದಲಾಯಿಸಿ. ಬೀರು ಗೋಡೆಗೆ ಬಿಗಿಸಿ.

ಮೂರು, ಸ್ಟಾಪ್‌ವಾಚ್ ಹಿಡಿದು ನಿಮ್ಮ ಮನೆಯಲ್ಲೂ ಅಲಾರಂ ಹೊಡೆದು ನೋಡಿ. ಹಾಸ್ಟೆಲ್‌ನವರು ರೂಮಿನಲ್ಲಿ ಮಾಡಿ. ಓಡೋ ಸಮಯ, ಮರೆಯಾಗೋ ಸಮಯ ಎರಡನ್ನೂ ಬರೆದಿಡಿ.

ನಾಲ್ಕು, ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಮನೆ ಕಟ್ಟಿಸ್ತಾ ಇದ್ದರೆ ಒಂದೇ ಒಂದು ಪ್ರಶ್ನೆ ಕೇಳಿ: “ರಿಂಗಿನ ತುದಿ 135 ಡಿಗ್ರಿ ಬಗ್ಗಿಸಿದ್ದಾರಾ?”

ನಮ್ಮ ಮೂವತ್ತು ಸಾಲಿನ ಕೋಡ್ ಬೇಕಾದವರು ಕನ್ನಡ ಸಂಘದ ರೂಮಿಗೆ ಬನ್ನಿ. ನಿಮ್ಮ ನಿಮ್ಮ ಏರಿಯಾದಲ್ಲಿ ಒಂದೊಂದು ಫೋನ್ ಇಟ್ಟರೆ ಬೆಂಗಳೂರಿನ ಹತ್ತಿಪ್ಪತ್ತು ಕಡೆಯಿಂದ ಒಟ್ಟಿಗೆ ಅಳತೆ ಮಾಡಬಹುದು. ಗಡಿಯಾರಗಳನ್ನ ಸರಿಹೊಂದಿಸೋದು ಹೇಗೆ ಅಂತ ಯಾರಿಗಾದರೂ ಒಳ್ಳೆ ಉಪಾಯ ಹೊಳೆದರೆ ಅವರಿಗೆ ಗಾಂಧಿಬಜಾರಿನಲ್ಲಿ ನಮ್ಮ ಲೆಕ್ಕದಲ್ಲಿ ಮಸಾಲೆ ದೋಸೆ.

ಹಾಂ, ಅಜ್ಜಿ ಮೊನ್ನೆ ಹಾಸಿಗೆಯ ಜಾಗ ಬದಲಾಯಿಸಿಕೊಂಡರು. ತಲೆಯ ಮೇಲಿದ್ದ ತಾತನ ದೊಡ್ಡ ಫೋಟೋವನ್ನ ಎದುರು ಗೋಡೆಗೆ ಹಾಕಿಸಿದರು. “ಇಲ್ಲಾದ್ರೆ ನನಗೆ ಕಾಣಿಸುತ್ತೆ ಕೂಡ” ಅಂದರು.